ಲೋಡರಿನ ಸೊಂಟ, ಅವರ ಅನುಮಾನ

ಅವರು ತೀರಿಕೊಂಡರು ಎಂದು ಮಂಜಪ್ಪ ಫೋನ್ ಮಾಡಿದಾಗ ನಾನು ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ.

"ಯಾರು ಹೇಳಿದ್ರು?" ಎಂದೆ.

"ಅವ್ರ ಭಾವ."

"ಭಾವನ್ನ ಬಿಟ್ಟು ಇನ್ಯಾರನ್ನಾದ್ರೂ ಕೇಳಿದ್ಯಾ?"

"ಕೇಳ್ದೆ ಗಿರಿಜಕ್ಕ. ಕೋಣಂದೂರಿನ ಮೆಡಿಕಲ್ ಶಾಪಿನವ್ರನ್ನೂ ಕೇಳ್ದೆ. ಇಬ್ರಿಗೂ ಒಬ್ರಿಗೊಬ್ರ ಗುರ್ತಿಲ್ಲ. ಇಬ್ರೂ ಅದನ್ನೇ ಹೇಳಿದ್ರು."

ಅಲ್ಲಿಗೆ ನಂಬಲೇಬೇಕಾಯಿತು. ಸುದ್ದಿಯನ್ನು ಎರಡು ಕಡೆಯಿಂದ ಕೇಳದೆ ನಂಬಬಾರದು ಎಂಬ ಚಾಳಿಯನ್ನು ನಮ್ಮಿಬ್ಬರಿಗೂ ಹಚ್ಚಿದವರು ಅವರೇ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರಾದರೂ ಹೆಸರು ಕೇಳಿದರೆ "ಎಂತಕ್ಕೆ?" ಎನ್ನುತ್ತಿದ್ದರು. ರಿಪ್ಪನ್‌ಪೇಟೆಯಿಂದ ಹೊಸನಗರದ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಜಲ್ಲಿ ಕ್ರಷರ್ ಇದೆ. ಅಲ್ಲಿ ಕೆಲಸ ಮಾಡುವವರಿಗೆ ಅಡುಗೆ, ಚಹಾ ನನ್ನದು. ಅವರು ಅಲ್ಲಿ ಲೋಡರ್ ಓಡಿಸುತ್ತಿದ್ದರು. ಜಲ್ಲಿ ರಾಶಿಯಿಂದ ಬಕೆಟ್ಟಿನಲ್ಲಿ ಎತ್ತಿ ಲಾರಿಗೆ ಸುರಿಯುವ ಹಳದಿ ಮಿಷಿನ್ನು. ಒಂದೊಂದು ಚಕ್ರ ನನ್ನ ತಲೆಗಿಂತ ಎತ್ತರ.

ನಾನು ಕೆಲಸಕ್ಕೆ ಸೇರಿದ ದಿನವೇ ಅವರು ನನ್ನ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ನನಗೆ ಪಿತ್ತ ಕೆರಳಿತು. "ಎಂತ, ಇಲಿ ಗಿಲಿ ಬಿದ್ದದೆ ಅಂತ ಮಾಡಿದ್ರಾ?" ಎಂದೆ. "ಬಿದ್ದಿಲ್ಲ. ನೋಡಿದೀನಲ್ಲ, ಇನ್ನು ಊಟ ಮಾಡ್ಬಹುದು" ಎಂದು ತಣ್ಣಗೆ ಹೇಳಿ ಬಡಿಸಿಕೊಂಡರು. ಎರಡು ಸಲ ಹಾಕಿಸಿಕೊಂಡರು ಎಂಬುದನ್ನೂ ಹೇಳಬೇಕು.

ಕುರ್ಚಿಯನ್ನು ಅಲ್ಲಾಡಿಸಿ ನೋಡದೆ ಕೂರುತ್ತಿರಲಿಲ್ಲ. ರಿಪ್ಪನ್‌ಪೇಟೆಯಲ್ಲಿ ಬಸ್ ಹತ್ತುವ ಮುಂಚೆ ಹಿಂದಿನ ಟಯರಿಗೆ ಕಾಲಿನಿಂದ ಒಮ್ಮೆ ಒದೆಯುತ್ತಿದ್ದರು. ಕಂಡಕ್ಟರುಗಳಿಗೆಲ್ಲ ಇದು ಗೊತ್ತು. "ಪರೀಕ್ಷೆ ಆಯ್ತಾ? ಪಾಸಾ, ಫೇಲಾ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಇವತ್ತಿಗೆ ಪಾಸು. ನಾಳೆದು ನಾಳೆ" ಎಂದು ಇವರು ಹತ್ತುತ್ತಿದ್ದರು. ಯಾರಾದರೂ ಹೊಗಳಿದರಂತೂ ಮುಖ ಗಂಟಾಗುತ್ತಿತ್ತು. ಸಾವ್ಕಾರ್ರು ಒಮ್ಮೆ ಎಲ್ಲರೆದುರು, "ಸಾಗರದಿಂದ ತೀರ್ಥಹಳ್ಳಿವರೆಗೆ ಇಂಥ ಆಪರೇಟರ್ ಇಲ್ಲ" ಎಂದರು. ಸಾವ್ಕಾರ್ರು ಅಂದರೆ ಕ್ರಷರಿನ ಯಜಮಾನರು, ಸಾಗರದವರು. ಅವರ ಕಾರು ಗೇಟು ದಾಟಿದ ಮೇಲೆ ಇವರು ನನ್ನ ಬಳಿ ಬಂದು, "ಈ ಭಾನುವಾರ ರಜೆ ಇಲ್ಲ ಅಂತ ಆಯ್ತು" ಎಂದರು. ಭಾನುವಾರ ನಿಜಕ್ಕೂ ರಜೆ ಇರಲಿಲ್ಲ.

ಲಿಂಗನಮಕ್ಕಿ ಹಿನ್ನೀರು ದಾಟುವ ಲಾಂಚಿನಲ್ಲಿ ಒಮ್ಮೆ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಉಳಿದವರು ನೀರು, ಗುಡ್ಡ ನೋಡುತ್ತಿದ್ದರೆ ಇವರು ನೀರಿಗೆ ಬಿದ್ದರೆ ಹಿಡಿಯಲೆಂದು ಕಂಬಿಗೆ ಕಟ್ಟಿದ ಟ್ಯೂಬುಗಳನ್ನು ಒಂದೊಂದಾಗಿ ಒತ್ತಿ ಗಾಳಿ ನೋಡುತ್ತ ತಿರುಗಿದರು. ಮಂಜಪ್ಪ, "ಗಾಳಿ ಇಲ್ದಿದ್ರೆ ಎಂತ ಮಾಡ್ತೀರಿ, ಇಳಿದು ನಡ್ಕೊಂಡು ಹೋಗ್ತೀರಾ?" ಎಂದು ಕೇಳಿದ. "ಇಳಿಯಲ್ಲ. ಆದ್ರೆ ನಿನ್ನ ಪಕ್ಕ ನಿಲ್ಲಲ್ಲ, ನೀನು ದಪ್ಪ" ಎಂದರು.

ಮಂಜಪ್ಪ ನಮ್ಮ ಕ್ರಷರಿನ ಎಲೆಕ್ಟ್ರಿಷಿಯನ್ನು. ವೈರು, ಮೋಟರು, ಮಿಷಿನ್ನುಗಳಿಗೆ ಗ್ರೀಸು, ಎಲ್ಲ ಅವನದೇ. ಸ್ವಂತ ಮನೆ, ತೋಟ ಏನೂ ಇಲ್ಲದವನು. ಕ್ರಷರಿನ ಹಿಂದಿನ ಶೀಟಿನ ರೂಮಿನಲ್ಲಿ ಹೆಂಡತಿಯೊಂದಿಗೆ ಇದ್ದ. ಅವನಿಗೂ ಲೋಡರಿನವರಿಗೂ ಮಾತಿತ್ತು, ನಗು ಇತ್ತು. ಹೊಸ ಲೋಡರ್ ಬಂದ ಮೇಲೆ ಅದು ಕೆಟ್ಟಿತು.

ಹಳೆಯ ಲೋಡರಿಗೆ ದುಂಡನೆಯ ಸ್ಟೇರಿಂಗ್ ಇತ್ತು. ಹೊಸದಕ್ಕೆ ಅದಿಲ್ಲ. ಎಡಗೈಯ ಪಕ್ಕ ಗೇಣುದ್ದದ ಒಂದು ಹಿಡಿ. ಎಡಕ್ಕೆ ತಳ್ಳಿದರೆ ಮಿಷಿನ್ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಬೆರಳ ತುದಿಯಲ್ಲಿ ಆನೆಯನ್ನು ತಿರುಗಿಸಿದ ಹಾಗೆ. ನೋಡಿದ ನಮಗೆಲ್ಲ ಖುಷಿಯಾಯಿತು. ಇವರು ಮಾತ್ರ ಮೊದಲ ದಿನ ಇಳಿದು ಬಂದು ಚಹಾ ಹಿಡಿದು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು.

"ಯಾಕೆ, ಹಗುರ ಇಲ್ವಾ?" ಎಂದೆ.

"ಹಗುರ ಅದೆ. ಅದೇ ಅನುಮಾನ."

ಆಮೇಲೆ ನನಗೆ ವಿವರಿಸಿದರು. ಅಷ್ಟು ಮಾತಾಡಿದ್ದು ಅದೇ ಮೊದಲು. ಲೋಡರಿನ ಮುಂದಿನ ಚಕ್ರಗಳು ಕಾರಿನ ಹಾಗೆ ತಿರುಗುವುದಿಲ್ಲ. ಇಡೀ ಮಿಷಿನ್ನು ನಡುವಿನ ಕೀಲಿನಲ್ಲಿ ಬಾಗುತ್ತದೆ. ಅದನ್ನು ಅವರು ಸೊಂಟ ಎನ್ನುತ್ತಿದ್ದರು. ಸೊಂಟದ ಎರಡು ಪಕ್ಕಕ್ಕೆ ಎರಡು ಸಿಲಿಂಡರು. ಪಂಪು ಎಣ್ಣೆಯನ್ನು ಒತ್ತಿ ಒಂದಕ್ಕೆ ತುಂಬಿದರೆ ಅದು ಉದ್ದವಾಗುತ್ತದೆ, ಇನ್ನೊಂದು ಗಿಡ್ಡವಾಗುತ್ತದೆ, ಮಿಷಿನ್ನು ಗಿಡ್ಡವಾದ ಕಡೆ ಬಾಗುತ್ತದೆ. ಹಳೆಯದರಲ್ಲಿ ಸ್ಟೇರಿಂಗಿನ ಬುಡದಲ್ಲೇ ಎಣ್ಣೆಯ ವಾಲ್ವು. ತಿರುಗಿಸಿದಷ್ಟೇ ಎಣ್ಣೆ ಹೋಗುತ್ತದೆ.

"ಆಗ ಪಾತ್ರೆ ನನ್ನ ಕೈಯಲ್ಲೇ ಇತ್ತು ಗಿರಿಜಮ್ಮ. ಬಗ್ಗಿಸಿದಷ್ಟು ಚಾ ಬೀಳ್ತಿತ್ತು. ಈಗ ನಾನು ನಿಮಗೆ ಹೇಳ್ಬೇಕು, ನೀವು ಒಳಗೆ ಮಂಜಪ್ಪಂಗೆ ಹೇಳ್ಬೇಕು, ಅವ್ನು ಬಗ್ಗಿಸ್ಬೇಕು. ಹಿಡಿ ಹೇಳೋದು ವೈರಿಗೆ. ವೈರು ಹೇಳೋದು ಸೀಟಿನಡಿ ಒಂದು ಪೆಟ್ಟಿಗೆಗೆ. ಪೆಟ್ಟಿಗೆ ಹೇಳಿದ್ರೆ ವಾಲ್ವು ತೆರೆಯೋದು. ಸೊಂಟ ಎಷ್ಟು ಬಾಗ್ತು ಅಂತ ಅಲ್ಲಿ ಕೂತಿರೋ ಸೆನ್ಸರು ವಾಪಸ್ ಪೆಟ್ಟಿಗೆಗೆ ಚಾಡಿ ಹೇಳ್ಬೇಕು. ಸಾಕು ಅನ್ನಿಸಿದ್ರೆ ಪೆಟ್ಟಿಗೆ ನಿಲ್ಲಿಸ್ತದೆ. ನನ್ನ ಕೈಗೂ ಎಣ್ಣೆಗೂ ಮಧ್ಯ ಎಷ್ಟು ಜನ ಆಯ್ತು ನೋಡಿ."

"ಕೆಲ್ಸ ಆಗ್ತದಲ್ಲ?"

"ಆಗ್ತದೆ. ನಡುವೆ ಯಾರೋ ಒಬ್ಬ ಸುಳ್ಳು ಹೇಳೋವರೆಗೆ."

ಆ ಲೋಡರನ್ನು ಅವರು ಮಗಳ ಗಂಡನನ್ನು ನೋಡಿದ ಹಾಗೆ ನೋಡುತ್ತಿದ್ದರು. ಮರ್ಯಾದೆ ಇತ್ತು, ವಿಶ್ವಾಸ ಇರಲಿಲ್ಲ. ಬ್ರೇಕ್ ಹಾಕಿ ನಿಲ್ಲಿಸಿದ ಮೇಲೂ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಬೇರೆಯವರು ಮುಟ್ಟಿದರೆ ಸಹಿಸುತ್ತಿರಲಿಲ್ಲ. ಆಯುಧಪೂಜೆಗೆ ಎಲ್ಲರೂ ಅವರವರ ಮಿಷಿನ್ನನ್ನು ಕ್ರಷರಿನ ಟ್ಯಾಂಕಿನ ನೀರಲ್ಲಿ ತೊಳೆದರು. ಇವರು ಆ ನೀರನ್ನೂ ನಂಬಲಿಲ್ಲ. "ಅದ್ರಲ್ಲಿ ಕಲ್ಲುಪುಡಿ ಅದೆ. ಕೀಲಿಗೆ ಕೂತ್ರೆ ಅರ ಹಾಕಿ ಉಜ್ಜಿದ ಹಂಗೆ" ಎಂದು ಮನೆಯಿಂದ ತಮ್ಮದೇ ಡ್ರಮ್ಮಿನಲ್ಲಿ ಬಾವಿ ನೀರು ತುಂಬಿಸಿ, ತಮ್ಮದೇ ಸ್ಪ್ರೇ ಪಂಪಿನೊಂದಿಗೆ ಪಿಕಪ್ಪಿನಲ್ಲಿ ಹಾಕಿಸಿಕೊಂಡು ಬಂದರು. ಮಂಜಪ್ಪ ನೆರವಿಗೆ ಹೋದರೆ "ನೀನು ಹೂವಿನ ಹಾರ ಕಟ್ಟು" ಎಂದು ಅಟ್ಟಿದರು. ಪಂಪಿನ ಬಾಯನ್ನು ಸೊಂಟದ ಸಂದುಸಂದಿಗೆ ಹಿಡಿದು ತೊಳೆದರು. ಕುಂಕುಮ ಇಟ್ಟಾಗ ಆ ಲೋಡರು ಮದುಮಗಳ ಹಾಗಿತ್ತು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅದು ನಡೆಯಿತು.

ನಮ್ಮಿಬ್ಬರ ನಡುವೆ ಒಂದು ರೂಢಿ ಇತ್ತು. ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಅವರು ಖಾಲಿ ಬಕೆಟ್ಟಿನೊಂದಿಗೆ ನನ್ನ ಅಡುಗೆ ಶೆಡ್ಡಿನ ಕಡೆ ಬರುವಾಗ ನಾನು ಸಕ್ಕರೆ ಡಬ್ಬಿ ಎತ್ತಿ ತೋರಿಸುತ್ತಿದ್ದೆ. ಹಾಕಲೇ ಬೇಡವೇ ಎಂದು. ಶುಗರ್ ಇದ್ದವರು, ಹಾಕುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಕೇಳಬೇಕು, ಅವರು ಎಡಗೈ ಎತ್ತಿ ಬೇಡ ಎನ್ನಬೇಕು. ಅವತ್ತೂ ಎತ್ತಿದರು. ಕೈ ಮೇಲಿರುವಾಗಲೇ ಲೋಡರಿನ ಸೊಂಟ ತಟ್ಟನೆ ಬಾಗಿತು. ಬಕೆಟ್ಟು ನೇರ ನನ್ನ ಕಡೆ ತಿರುಗಿತು. ಬ್ರೇಕಿನ ಸದ್ದು, ಶೆಡ್ಡಿನ ಕಂಬ ಮುರಿದ ಸದ್ದು ಒಟ್ಟಿಗೆ ಕೇಳಿದವು. ನೀರಿನ ಡ್ರಮ್ಮು ಉರುಳಿತು. ಒಲೆಗೂ ಬಕೆಟ್ಟಿನ ಹಲ್ಲಿಗೂ ನಡುವೆ ಒಂದು ಮೊರ ಇಡುವಷ್ಟು ಜಾಗ ಉಳಿದಿತ್ತು. ನಾನು ಸಕ್ಕರೆ ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ.

ಅವರು ಇಳಿದು ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ತಾಗಿಲ್ವಲ್ಲ?" ಎಂದರು. ಆಮೇಲೆ ಹೇಳಿದ ಮಾತು ಒಂದೇ. "ನಾನು ತಿರುಗಿಸಿಲ್ಲ."

ಸಾಯಂಕಾಲ ಸಾವ್ಕಾರ್ರು ಬಂದರು. ಮೊದಲು ಇವರ ಮೂಗಿನ ಹತ್ತಿರ ಮೂಗು ತಂದು ಉಸಿರು ನೋಡಿದರು. ಜನ್ಮದಲ್ಲಿ ಕುಡಿಯದವರಿಗೆ ಅದು ಹೇಗಾಗಿರಬೇಕು. ನಾನು ತಡೆಯಲಾರದೆ, "ಅವ್ರ ತಪ್ಪಿಲ್ಲ ಸಾವ್ಕಾರ್ರೆ, ಅವ್ರ ಕೈ ಮೇಲಿತ್ತು. ನಾನೇ ನೋಡಿದೀನಿ" ಎಂದೆ.

"ಕೈ ಬಿಟ್ಟು ಟಾಟಾ ಮಾಡ್ತಿದ್ರಾ? ಸರಿಹೋಯ್ತು!"

ನಾನು ಹೇಳಿದ್ದು ಉಲ್ಟಾ ಹೊಡೆಯಿತು. ಸಾವ್ಕಾರ್ರು ಎಲ್ಲರೆದುರು ತೀರ್ಮಾನ ಹೇಳಿದರು. "ಕಂಪ್ನಿ ಇಂಜಿನಿಯರು ಬರ್ಲಿ. ಮಿಷಿನ್ ಸರಿ ಇದ್ರೆ ಓಡಿಸಿದವ್ರು ಮನೆಗೆ. ಮಿಷಿನ್ ಕೆಟ್ಟಿದ್ರೆ ನೋಡ್ಕಳೋ ಮಂಜಪ್ಪ ಮನೆಗೆ. ಇಬ್ರಲ್ಲೊಬ್ರು."

ಅಡುಗೆಯವಳ ಮೇಲೆ ಲೋಡರ್ ತಂದವನು ಎಂಬ ಹೆಸರು ಇವರಿಗೆ ಅಂಟಿದರೆ ಈ ಮೂರು ತಾಲ್ಲೂಕಿನಲ್ಲಿ ಯಾವ ಕ್ರಷರಿನವರೂ ಕರೆಯುವುದಿಲ್ಲ. ಮಂಜಪ್ಪನಿಗೆ ಕೆಲಸ ಹೋದರೆ ಅದರೊಂದಿಗೆ ತಲೆಮೇಲಿನ ಶೀಟೂ ಹೋಗುತ್ತದೆ. ಅಲ್ಲಿಂದ ಕ್ರಷರಿನ ಗಾಳಿಯೇ ಬದಲಾಯಿತು. ಇವರು ಸಿಕ್ಕಿದವರ ಹತ್ತಿರ, "ಆ ಸೊಂಟದ ಹತ್ರ ಗ್ರೀಸ್ ಗನ್ ಹಿಡ್ಕೊಂಡು ಹೋಗೋನು ಅವ್ನೊಬ್ನೇ. ಎಂತ ಮಾಡಿದಾನೋ" ಎನ್ನತೊಡಗಿದರು. ಮಂಜಪ್ಪ, "ಮುದುಕಂಗೆ ಕಣ್ಣು ಮಂಜು. ಒಪ್ಕಳ್ಳೋಕೆ ಬಿಂಕ" ಎಂದ. ಒಂದು ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದವರು ಈಗ ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಬರುತ್ತಿದ್ದರು.

ನನ್ನನ್ನೂ ಅವರು ಬಿಡಲಿಲ್ಲ. ಮಾರನೇ ದಿನದಿಂದ ಮನೆಯಿಂದ ಬುತ್ತಿ ತಂದರು. ನಾನು ಎದುರು ಹೋಗಿ ನಿಂತೆ. "ನನ್ನ ಅನ್ನಕ್ಕೆ ಎಂತ ಆಗದೆ?"

ಅವರು ತಲೆ ಎತ್ತಲಿಲ್ಲ. "ಕೈ ಮೇಲಿತ್ತು ಅಂತ ನೀವು ನನ್ನ ಉಳಿಸಕ್ಕೆ ಹೇಳಿದ್ರಾ, ಕಳಿಸಕ್ಕೆ ಹೇಳಿದ್ರಾ ಗೊತ್ತಾಗ್ಲಿಲ್ಲ."

ನನಗೆ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ, ನನಗೂ ಆ ದಿನಗಳಲ್ಲಿ ಒಮ್ಮೆ ಇವರ ಮೇಲೆ, ಒಮ್ಮೆ ಮಂಜಪ್ಪನ ಮೇಲೆ ಸಂಶಯ ಓಡಾಡುತ್ತಿತ್ತು. ಮಂಜಪ್ಪ ಹಿಂದಿನ ವಾರ ಲೋಡರಿನಡಿ ಮಲಗಿದ್ದನ್ನು ನಾನು ಕಂಡಿದ್ದೆ. ಗ್ರೀಸಿಗೇ ಮಲಗಿದ್ದಿರಬಹುದು. ಅದನ್ನು ಯಾರಿಗೂ ಹೇಳಲಿಲ್ಲ, ಆದರೆ ಅವನಿಗೆ ಸಾರು ಬಡಿಸುವಾಗ ಅವನ ಮುಖವನ್ನೇ ನೋಡುತ್ತಿದ್ದೆ. ಅನುಮಾನ ಅಂಟುರೋಗ.

ಇಂಜಿನಿಯರು ಹುಬ್ಬಳ್ಳಿಯವರು. ಲ್ಯಾಪ್‌ಟಾಪ್ ತಂದಿದ್ದರು. ಮೊದಲು ಎಲ್ಲರನ್ನೂ ಕೂರಿಸಿ ಏನಾಯಿತು ಎಂದು ಕೇಳಿದರು. ಕೈಯ ವಿಷಯ ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆ. ಇಂಜಿನಿಯರು ಕುರ್ಚಿಯಲ್ಲಿ ಮುಂದೆ ಸರಿದರು.

"ಕೈ ಬಿಟ್ಟಿದ್ರಂದ್ರ ಅವ್ರು ತಿರುಗಿಸಿಲ್ರಿ. ಈ ಹಿಡಿ ಬಿಟ್ಟ ಕೂಡ್ಲೆ ನಡುವಿಗೆ ಬಂದು ನಿಲ್ಲತೈತಿ. ನಡುವಿದ್ರ ನೆಟ್ಟಗ ಹೋಗು ಅಂತ ಅರ್ಥ. ಯಾರೋ ಪೆಟ್ಟಿಗಿಗೆ ಸುಳ್ಳು ಹೇಳ್ಯಾರ."

ಇವರು ನನ್ನ ಕಡೆ ನೋಡಿದರು. ಅದು ಕ್ಷಮೆ ಕೇಳುವ ನೋಟವೇನಲ್ಲ. ಆದರೆ ಅವತ್ತು ಮಧ್ಯಾಹ್ನ ಬುತ್ತಿಯ ಗಂಟು ಬಿಚ್ಚಲಿಲ್ಲ, ನನ್ನ ತಟ್ಟೆಯೇ ಹಿಡಿದರು.

ಊಟವಾದ ಮೇಲೆ ಇಂಜಿನಿಯರು ಲೋಡರನ್ನು ಬಯಲಿನ ನಡುವೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಹಿಡಿಯನ್ನು ಮುಟ್ಟದೆ ಕುಳಿತರು. ಸೊಂಟದ ಹತ್ತಿರ ಯಾರೂ ಹೋಗಬಾರದು, ಬಾಗಿದರೆ ಮನುಷ್ಯ ಚಟ್ನಿ. ಮಂಜಪ್ಪ ಹಲಸಿನಕಾಯಿ ಕೀಳುವ ದೋಟಿ ತಂದು, ದೂರ ನಿಂತು, ಅದರ ತುದಿಯಿಂದ ಸೊಂಟದ ವೈರುಗಳನ್ನು ಮೆಲ್ಲಗೆ ತಿವಿದ. ಮೊದಲು ಏನೂ ಆಗಲಿಲ್ಲ. ಇನ್ನೊಂದು ಕಡೆ ತಿವಿದ. ಅಷ್ಟು ದೊಡ್ಡ ಮಿಷಿನ್ನು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ತಾನಾಗಿ ಬಾಗಿತು. ನೆರೆದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

"ನಾನು ತಿರುಗಿಸಿಲ್ಲ ಅಂತ ಹೇಳ್ಲಿಲ್ವಾ!" ಇವರು ಸಾವ್ಕಾರ್ರ ಕಡೆ ತಿರುಗಿದರು.

ಎಂಜಿನ್ ಆರಿಸಿ, ಬಾಗದಂತೆ ಸೊಂಟಕ್ಕೆ ಅಡ್ಡಪಟ್ಟಿ ಕೊಟ್ಟು, ಇಂಜಿನಿಯರು ಒಳಗೆ ಕೈ ಹಾಕುತ್ತ ಹೇಳಿದರು. ಸೊಂಟದಲ್ಲಿ ಒಂದಲ್ಲ, ಎರಡು ಸೆನ್ಸರು ಇರುತ್ತವಂತೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಪೆಟ್ಟಿಗೆ ನಂಬುತ್ತದೆ. ಒಂದು ಹೀಗೆ, ಇನ್ನೊಂದು ಹಾಗೆ ಅಂದರೆ ಕೆಂಪು ದೀಪ ಹಾಕಿ ಕೂಗಿಕೊಳ್ಳುತ್ತದೆ.

ಇವರ ಮುಖ ಅರಳಿದ್ದನ್ನು ನಾನು ಅವತ್ತೇ ನೋಡಿದ್ದು. "ಹಂಗಾದ್ರೆ ಈ ಪೆಟ್ಟಿಗೆಗೂ ಯಾರ ಮೇಲೂ ನಂಬಿಕೆ ಇಲ್ಲ ಅನ್ನಿ! ನನ್ನಂಗೇ ಆಯ್ತಲ್ಲ. ಮತ್ತೆ ಮೋಸ ಹೋಗಿದ್ದು ಹೆಂಗೆ?"

"ಎರಡರ ವೈರೂ ಒಂದೇ ಪ್ಲಗ್ಗಿನಾಗ ಹೊಕ್ಕಾವ್ರಿ. ಇಬ್ರು ಸಾಕ್ಷಿ ಒಂದೇ ಖೋಲ್ಯಾಗ ಕುಂತು ಮಾತಾಡ್ಕೊಂಡ್ರ ಹೆಂಗ, ಹಂಗ. ಎರಡೂ ಕೂಡಿ ಒಂದೇ ಸುಳ್ಳು ಹೇಳ್ಯಾವ."

ಪ್ಲಗ್ಗನ್ನು ಕಿತ್ತು ಬಿಳಿ ಬಟ್ಟೆಯ ಮೇಲೆ ಇಟ್ಟರು. ಒಳಗಿನ ಪಿನ್ನುಗಳ ಸುತ್ತ ಒಂದರಿಂದ ಒಂದಕ್ಕೆ ಸೇತುವೆ ಕಟ್ಟಿದ ಹಾಗೆ ಹಸಿರುನೀಲಿ ಹಕ್ಕಳೆ.

"ಇದು ಬರೇ ನೀರಲ್ರಿ. ಏನೋ ಕೆಮಿಕಲ್ ಹೋಗೈತಿ. ಯಾರರ ಬೇಕಂತ ಹಾಕ್ಯಾರೇನ್ರಿ?"

ಸಾವ್ಕಾರ್ರು ತಿರುಗಿ ಮಂಜಪ್ಪನನ್ನು ನೋಡಿದರು. ಅವರೊಂದಿಗೆ ನಾವೆಲ್ಲ ನೋಡಿದೆವು. "ನಾನಲ್ಲ ಸಾವ್ಕಾರ್ರೆ. ದೇವ್ರಾಣೆ ನಾನಲ್ಲ" ಎನ್ನುತ್ತ ಮಂಜಪ್ಪ ದೋಟಿಯನ್ನು ಕೆಳಗಿಟ್ಟ. ಅವನ ಹೆಂಡತಿ ಶೀಟಿನ ರೂಮಿನ ಬಾಗಿಲಲ್ಲಿ ನಿಂತಿದ್ದಳು.

ನಾನು ಬಟ್ಟೆಯ ಹತ್ತಿರ ಬಗ್ಗಿದೆ. ಆ ಬಣ್ಣ ನನಗೆ ಗೊತ್ತು. ಅಡಿಕೆ ಇರುವ ಯಾವ ಮನೆಯವರಿಗೂ ಗೊತ್ತು. ಮಳೆಗಾಲದಲ್ಲಿ ಕೊಳೆರೋಗ ಬರದಂತೆ ಅಡಿಕೆ ಗೊಂಚಲಿಗೆ ಹೊಡೆಯುವ ಔಷಧಿಯ ಬಣ್ಣ. ಮೈಲುತುತ್ತವನ್ನು ಸುಣ್ಣದೊಂದಿಗೆ ಡ್ರಮ್ಮಿನಲ್ಲಿ ಕದಡಿ, ಪಂಪಿನಲ್ಲಿ ಮರದ ತುದಿಗೆ ಹೊಡೆಯುತ್ತೇವೆ. ಎಷ್ಟು ತೊಳೆದರೂ ಆ ಡ್ರಮ್ಮಿನ ತಳ, ಪೈಪಿನ ಒಳಮೈ ನೀಲಿ ಬಿಡುವುದಿಲ್ಲ. ಕತ್ತಿಗೆ ತಾಗಿದರೆ ಕತ್ತಿಯನ್ನೇ ತಿನ್ನುತ್ತದೆ. ಮಂಜಪ್ಪನಿಗೆ ಒಂದು ಅಡಿಕೆ ಮರವೂ ಇಲ್ಲ. ಆಯುಧಪೂಜೆಯ ದಿನ ಮನೆಯಿಂದ ಡ್ರಮ್ಮು, ಪಂಪು ತಂದವರು ಒಬ್ಬರೇ.

ತಲೆ ಎತ್ತಿದೆ. ಅವರು ಆ ಪ್ಲಗ್ಗನ್ನೇ ನೋಡುತ್ತಿದ್ದರು. ಬಗ್ಗಿ, ಉಗುರಿನಿಂದ ಹಕ್ಕಳೆ ಕೆರೆದು, ಎರಡು ಬೆರಳಿನ ನಡುವೆ ಉಜ್ಜಿದರು. ಅವರಿಗೆ ಗೊತ್ತಾಯಿತು. ನನಗೆ ಗೊತ್ತಾಗಿದೆ ಎಂದೂ ಗೊತ್ತಾಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವರು ಸುಮ್ಮನಿದ್ದರೆ ನಾನೇ ಬಾಯಿ ತೆರೆಯಬೇಕು ಎಂದುಕೊಂಡು ನಾಲಿಗೆಯ ತುದಿಗೆ ಮಾತು ತಂದುಕೊಂಡಿದ್ದೆ.

"ಮೈಲುತುತ್ತ" ಎಂದರು. ದನಿ ಗಟ್ಟಿಯಾಗಿಯೇ ಇತ್ತು. "ನಮ್ಮನೇದು. ಡ್ರಮ್ಮೂ ನಂದೇ, ಪಂಪೂ ನಂದೇ. ಪೂಜೆ ದಿನ ತೊಳೆದಿದ್ದು ನಾನೇ. ಮಂಜಪ್ಪನ್ನ ನಾನು ಹತ್ರ ಬಿಟ್ಟಿಲ್ಲ. ಅವ್ನ ಸುದ್ದಿ ಬಿಡಿ."

ಪ್ಯಾಂಟಿನ ಜೇಬಿನಿಂದ ಲೋಡರಿನ ಕೀ ತೆಗೆದು, ಸಾವ್ಕಾರ್ರ ಕೈಗೆ ಕೊಡದೆ, ಆ ಬಿಳಿ ಬಟ್ಟೆಯ ಮೇಲೆ ಪ್ಲಗ್ಗಿನ ಪಕ್ಕ ಇಟ್ಟರು. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದರು. ಅವತ್ತು ಬಸ್ಸಿನ ಟಯರಿಗೆ ಒದೆಯಲಿಲ್ಲವಂತೆ. ಕಂಡಕ್ಟರು ಆಮೇಲೆ ನನ್ನ ಹತ್ತಿರ ಕೇಳಿದ್ದ, "ಅವ್ರಿಗೆ ಹುಷಾರಿಲ್ವಾ?" ಎಂದು.

ಹೊಸ ಪ್ಲಗ್ಗು, ಸೆನ್ಸರು ಬಂದು ಮಂಜಪ್ಪ ಕೂರಿಸಿದ. ಸಾವ್ಕಾರ್ರು ಬೇರೆ ಆಪರೇಟರನ್ನು ಹುಡುಕುತ್ತಿದ್ದರು. ಆಗ ಮಂಜಪ್ಪ ನನ್ನ ಶೆಡ್ಡಿನೆದುರೇ ಅವರನ್ನು ತಡೆದು ನಿಲ್ಲಿಸಿದ. "ಸಾವ್ಕಾರ್ರೆ, ಬೇರೆಯವ್ನು ಅದ್ರ ಮೇಲೆ ಕೂತ್ರೆ ನಾನು ಅದ್ರ ಸೊಂಟಕ್ಕೆ ಕೈ ಹಾಕಲ್ಲ. ಮುದುಕ ಅನುಮಾನದ ಪಿಶಾಚಿ, ಹೌದು. ನನ್ನ ಮೇಲೆ ಎಷ್ಟು ಹೇಳಿದಾನೆ ಅಂತ ನಂಗೊತ್ತು. ಆದ್ರೆ ಅವತ್ತು ಸುಮ್ನಿದ್ದಿದ್ರೆ ಇವತ್ತು ನಾನು ಇಲ್ಲಿ ನಿಂತಿರ್ತಿರ್ಲಿಲ್ಲ." ಸಾವ್ಕಾರ್ರು ಎಲೆಯಡಿಕೆ ಉಗಿದು ಬಂದು, "ಅವ್ರಿಗೆ ಹೇಳು, ಡ್ರಮ್ಮು ತರೋದು ಬೇಡ ಅಂತ" ಎಂದರು.

ಬಂದರು. ಬಂದ ಮೇಲೆ ಒಂದು ಬದಲಾವಣೆ ಆಯಿತು. ದಿನಾ ಬೆಳಿಗ್ಗೆ ತಾವು ಲೋಡರಿನ ಸುತ್ತ ತಿರುಗಿ, ಎಣ್ಣೆ, ಹೋಸು, ಸೊಂಟದ ವೈರು ಎಲ್ಲ ನೋಡಿ ಮುಗಿಸಿ ಮಂಜಪ್ಪನನ್ನು ಕೂಗುತ್ತಿದ್ದರು. "ನಾನು ನೋಡಿದೀನಿ. ಈಗ ನೀನು ನೋಡು. ನಾನು ಎಂತ ನೋಡ್ದೆ ಅಂತ ಕೇಳ್ಬೇಡ, ನಿನ್ನಷ್ಟಕ್ಕೆ ನೋಡು." ಮಂಜಪ್ಪ ನೋಡುವಾಗ ಇವರು ಬೇಕೆಂದೇ ಬೆನ್ನು ಹಾಕಿ ನಿಲ್ಲುತ್ತಿದ್ದರು. ಇಬ್ಬರೂ ಸರಿ ಎಂದರೆ ಮಾತ್ರ ಹತ್ತುತ್ತಿದ್ದರು. ಊರವರ ಮೇಲಿದ್ದ ಅನುಮಾನವೇನೂ ಕಡಿಮೆಯಾಗಲಿಲ್ಲ. ಅದಕ್ಕೆ ಅವರು ಇನ್ನೊಬ್ಬರನ್ನು, ತಮ್ಮನ್ನೇ, ಸೇರಿಸಿಕೊಂಡಿದ್ದರು, ಅಷ್ಟೆ.

ನನಗೆ ಮಾತ್ರ ಒಂದು ಮುಳ್ಳು ಉಳಿದಿತ್ತು. ವಯಸ್ಸಾಯಿತೆಂದು ಅವರು ಕೆಲಸ ಬಿಟ್ಟ ದಿನ, ಶಾಲು ಹಾರ ಎಲ್ಲ ಮುಗಿದು, ಶಾಲಿನ ಅಂಚನ್ನು ಎಳೆದು ನೂಲು ನೋಡಿ ಆದ ಮೇಲೆ, ಕೊನೆಯ ಚಹಾಕ್ಕೆ ಬಂದು ಕೂತರು. ಸಕ್ಕರೆ ಡಬ್ಬಿ ಎತ್ತಿ ತೋರಿಸಿದೆ. ಕೈ ಎತ್ತಿ ಬೇಡ ಎಂದರು. ಆಗ ಕೇಳಿಯೇಬಿಟ್ಟೆ.

"ಒಂದು ಕೇಳ್ಲಾ? ಅವತ್ತು ನಾನು ಅಲ್ಲಿ ಬಗ್ಗಿ ನೋಡದೆ ಇದ್ದಿದ್ರೆ, ಮೈಲುತುತ್ತ ಅಂತ ನೀವು ಬಾಯಿ ಬಿಡ್ತಿದ್ರಾ?"

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಲೋಟದ ತಳದಲ್ಲಿದ್ದ ಚರಟವನ್ನು ಒಂದೆರಡು ಸುತ್ತು ತಿರುಗಿಸಿದರು.

"ನಂಗೂ ಅದೇ ಅನುಮಾನ ಅದೆ ಗಿರಿಜಮ್ಮ."

ಲೋಟ ಇಟ್ಟು ಎದ್ದರು. ಹೋಗುವ ಮುಂಚೆ ಒಲೆಯ ಹತ್ತಿರ ಬಂದು, ಗ್ಯಾಸಿನ ತಿರುಪನ್ನು ಮುಟ್ಟಿ ಆರಿದೆಯೋ ಎಂದು ನೋಡಿದರು. ಬಾಗಿಲವರೆಗೆ ಹೋದವರು ಅಲ್ಲೇ ತಿರುಗಿ ನಿಂತರು.

"ನೀವೂ ಒಂದ್ಸಲ ನೋಡಿ" ಎಂದರು.